ಬೆಂಗಳೂರಿಗೆ ಹೊಸದಾಗಿ ಬಂದವರು ಒಳ್ಳೆಯ ಹಲ್ಲಿನ ಡಾಕ್ಟರನ್ನು ಹುಡುಕುವುದು ಹೇಗೆ?

ಹಾಸನದಿಂದ ಬಂದು ಮೂರು ತಿಂಗಳಾಯಿತು, ಬನಶಂಕರಿಯಲ್ಲಿ ಮನೆ, ತಣ್ಣೀರು ಕುಡಿದರೆ ಕೆಳಗಿನ ದವಡೆ ಹಲ್ಲೊಂದು ಜುಮ್ಮೆನ್ನುತ್ತದೆ, ರಸ್ತೆಗೆ ಮೂರು ಕ್ಲಿನಿಕ್, ಎಲ್ಲಕ್ಕೂ ಐದೈದು ಸ್ಟಾರ್, ಯಾರನ್ನು ನಂಬಲಿ ಎಂದು ಕೇಳಿದ್ದೀರಿ. ಜುಮ್ಮೆನ್ನುವ ಹೊತ್ತಿಗೇ ಕೇಳಿದಿರಲ್ಲ, ಒಳ್ಳೆಯದಾಯಿತು. ನೀರು ನುಂಗಿದ ಕೆಲವೇ ಸೆಕೆಂಡಿನಲ್ಲಿ ಜುಮ್ಮು ಇಳಿದುಹೋಗುತ್ತಿದ್ದರೆ ಹಲ್ಲಿನೊಳಗಿನ ನರ ಸಾಮಾನ್ಯವಾಗಿ ಇನ್ನೂ ಉಳಿಯುವ ಸ್ಥಿತಿಯಲ್ಲೇ ಇರುತ್ತದೆ, ನಾಲ್ಕು ದಿನ ವಿಚಾರಿಸಿ ಹೋಗಬಹುದು. ನೀರು ಹೋದ ಮೇಲೂ ನೋವು ನಿಮಿಷಗಟ್ಟಲೆ ನಿಂತರೆ, ಅಥವಾ ರಾತ್ರಿ ಮಲಗಿದಾಗ ತಾನೇ ತಾನಾಗಿ ಮಿಡಿಯತೊಡಗಿದರೆ, ಹುಡುಕಾಟ ಬಿಟ್ಟು ಮರುದಿನವೇ ಹೋಗಿ. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯುವುದಕ್ಕೋ ನುಂಗುವುದಕ್ಕೋ ಕಷ್ಟವಾದರೆ, ರಾತ್ರಿಯಾಗಿದ್ದರೂ ಸರಿ, ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ನಾನು ತಡ ಮಾಡಿದವನು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನನ್ನದು ಪಾವಗಡ ತಾಲ್ಲೂಕು. 2016ರಲ್ಲಿ ಕೆಲಸಕ್ಕೆಂದು ಬಂದು ವಿಜಯನಗರದಲ್ಲಿ ರೂಮು ಹಿಡಿದಿದ್ದೆ. ಎಡಗಡೆಯ ದವಡೆ ಹಲ್ಲು ಆರು ತಿಂಗಳು ಜುಮ್ಮೆನ್ನುತ್ತಿತ್ತು, ಬಲಗಡೆಯಲ್ಲಿ ಅಗಿಯುತ್ತಾ ದಿನ ತಳ್ಳಿದೆ. ಒಂದು ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಎದ್ದು ಕೂತವನಿಗೆ ಮತ್ತೆ ನಿದ್ದೆ ಬರಲಿಲ್ಲ. ಲವಂಗ ಕಚ್ಚಿ ಬೆಳಗು ಮಾಡಿದೆ. (ಲವಂಗ ಇಡುವುದರಲ್ಲಿ ತಪ್ಪಿಲ್ಲ. ಅದರಲ್ಲಿರುವ ಯೂಜಿನಾಲ್ ಅನ್ನೇ ಡಾಕ್ಟರುಗಳು ತಾತ್ಕಾಲಿಕ ಫಿಲ್ಲಿಂಗಿಗೆ ಬೆರೆಸುತ್ತಾರೆ, ಕ್ಲಿನಿಕ್ಕಿನಲ್ಲಿ ಮೂಗಿಗೆ ಬಡಿಯುವ ವಾಸನೆ ಅದರದೇ. ಆದರೆ ಆಸ್ಪಿರಿನ್ ಮಾತ್ರೆಯನ್ನು ವಸಡಿಗೆ ಒತ್ತಿ ಇಟ್ಟುಕೊಳ್ಳಬೇಡಿ, ವಸಡು ಸುಟ್ಟುಹೋಗುತ್ತದೆ.) ಬೆಳಗ್ಗೆ ಬಾಗಿಲು ತೆರೆದಿದ್ದ ಮೊದಲ ಕ್ಲಿನಿಕ್ಕಿಗೆ ನುಗ್ಗಿದೆ. ಕುರ್ಚಿಗೆ ಒರಗಿಸಿದರು, ಬಾಯಿ ತೆರೆಸಿದರು, ಎರಡು ನಿಮಿಷದಲ್ಲಿ ಲೆಕ್ಕ ಕೈಗೆ ಬಂತು. ಮೂರು ರೂಟ್ ಕೆನಾಲ್ (ಹಲ್ಲಿನೊಳಗಿನ ಕೆಟ್ಟ ನರ ತೆಗೆದು ತುಂಬುವುದು), ಮುಂದಿನ ಆರು ಹಲ್ಲು ಹುಳುಕಾಗಿವೆ ಎಂದು ಅವನ್ನೆಲ್ಲ ಉಜ್ಜಿ ಮೇಲೆ ಕ್ಯಾಪ್, ಒಟ್ಟು ಎಪ್ಪತ್ತು ಸಾವಿರದ ಮೇಲೆ. ಇವತ್ತೇ ಅಡ್ವಾನ್ಸ್ ಕಟ್ಟಿದರೆ ಹತ್ತು ಸಾವಿರ ಕಡಿಮೆ, ಕಂತಿನಲ್ಲೂ ಕಟ್ಟಬಹುದು ಎಂದರು. ನೋವಿನಲ್ಲಿದ್ದವನಿಗೆ ಏನು ಕೇಳಬೇಕೆಂದೇ ಹೊಳೆಯಲಿಲ್ಲ. ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ, ಅದಕ್ಕೇ ಬಚಾವಾದೆ.

ಆಫೀಸಿನ ಹಿರಿಯರೊಬ್ಬರು ಕೋಟೆ ಹತ್ತಿರದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೆ ಹೋಗು ಅಂದರು. ವಿಕ್ಟೋರಿಯಾ ಆಸ್ಪತ್ರೆಯ ಪಕ್ಕದಲ್ಲಿದೆ, 1958ರಲ್ಲಿ ಶುರುವಾದದ್ದು. ಚೀಟಿ ಮಾಡಿಸಿದ ಮೇಲೆ ಮೊದಲು ಬಾಯಿ ಪರೀಕ್ಷೆ ಮಾಡುವ ಓರಲ್ ಮೆಡಿಸಿನ್ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿ ಕೂತಿದ್ದ ಪಿ.ಜಿ. (ಸ್ನಾತಕೋತ್ತರ ಓದುತ್ತಿದ್ದ) ಡಾಕ್ಟರು, ಚಿಕ್ಕ ವಯಸ್ಸಿನವರು, ಬಾಯಿ ತೆರೀರಿ ಅನ್ನಲಿಲ್ಲ.

"ಯಾವ ಊರು ನಿಮ್ದು?" ಅಂದರು.

"ಪಾವಗಡ ಮೇಡಂ."

"ಚಿಕ್ಕವರಿದ್ದಾಗ ಬೋರ್‌ವೆಲ್ ನೀರೇ ಕುಡಿದದ್ದಾ?"

ಹೌದು ಅಂದೆ. ಆಮೇಲೆ ನನ್ನ ಕೈಗೊಂದು ಕನ್ನಡಿ ಕೊಟ್ಟು, ಮೊನೆಯ ಸಲಾಕೆಯನ್ನು ಮುಂದಿನ ಹಲ್ಲಿನ ಕಂದು ಪಟ್ಟೆಯ ಮೇಲೆ ಮೆಲ್ಲಗೆ ಎಳೆದರು. ಗಾಜಿನ ಮೇಲೆ ಉಗುರು ಜಾರಿದ ಹಾಗೆ ಜಾರಿತು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. "ನೋಡಿ, ಹುಳುಕಾಗಿದ್ರೆ ಮೆತ್ತಗಿರೋದು. ಇದು ಫ್ಲೋರೈಡ್ ಕಲೆ. ಹಲ್ಲು ಗಟ್ಟಿಯಾಗಿದೆ, ಕಲೆ ಹೋಗ್ಬೇಕು ಅನ್ನಿಸಿದ್ರೆ ಆಮೇಲೆ ನೋಡೋಣ, ಅವಸರ ಏನಿಲ್ಲ."

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ನಮ್ಮ ಸೀಮೆಯ ಎಷ್ಟೋ ಕೊಳವೆ ಬಾವಿಗಳಲ್ಲಿ ಅದು ದಾಟಿದೆ. ಹಲ್ಲು ವಸಡಿನೊಳಗೆ ಬೆಳೆಯುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ, ಆ ನೀರು ಕುಡಿದವರ ಎನಾಮೆಲ್ಲಿನಲ್ಲೇ, ಅಂದರೆ ಹಲ್ಲಿನ ಹೊರಪದರದಲ್ಲೇ, ಕಲೆ ಕೂತುಬಿಡುತ್ತದೆ. ನಮ್ಮೂರ ಶಾಲೆಯ ಗ್ರೂಪ್ ಫೋಟೋದಲ್ಲಿ ತುಟಿ ಬಿಗಿದು ನಕ್ಕವರೇ ಹೆಚ್ಚು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೂ ಇದು ಗೊತ್ತಿರುವ ಸಂಗತಿ. ಆ ಹೆಣ್ಣುಮಗಳು ಊರು ಕೇಳಿದ್ದರಿಂದ ನನ್ನ ಆರು ಗಟ್ಟಿ ಹಲ್ಲು ಉಜ್ಜಿ ಸಣ್ಣದಾಗುವುದು ತಪ್ಪಿತು. ಎಕ್ಸ್‌ರೇ ತೆಗೆದಾಗ ಮೂರು ರೂಟ್ ಕೆನಾಲಿನಲ್ಲಿ ನಿಜವಾಗಿ ಬೇಕಿದ್ದದ್ದು ಒಂದು. ಇನ್ನೊಂದಕ್ಕೆ ಫಿಲ್ಲಿಂಗ್ ಸಾಕಿತ್ತು, ಮತ್ತೊಂದಕ್ಕೆ ಏನೂ ಬೇಕಿರಲಿಲ್ಲ.

ಅಲ್ಲಿಂದ ಈಚೆಗೆ ಯಾವ ಹೊಸ ಡಾಕ್ಟರ ಹತ್ತಿರ ಹೋದರೂ ನಾನು ಗಮನಿಸುವುದು ಎರಡೇ: ಬಾಯಿ ನೋಡುವ ಮೊದಲು ಏನು ಕೇಳುತ್ತಾರೆ, ನೋಡಿದ ಮೇಲೆ ಏನು ತೋರಿಸುತ್ತಾರೆ. ನಾವು ನೋವಿಗೆ ಬಳಸುವ ಮಾತುಗಳಲ್ಲೇ ಅರ್ಧ ರೋಗ ಗೊತ್ತಾಗುತ್ತದೆ. ಜುಮ್ಮೆನ್ನುವುದು ಬೇರೆ, ಮಿಡಿಯುವುದು ಬೇರೆ. ಕಚ್ಚಿ ಬಿಟ್ಟಾಗ ಮಾತ್ರ ಚುಳ್ಳೆಂದರೆ ಹಲ್ಲು ಸೀಳಿರಬಹುದು. ಈ ಮಾತುಗಳನ್ನು ತಾಳ್ಮೆಯಿಂದ ಕೇಳಿ ಅರ್ಥ ಮಾಡಿಕೊಳ್ಳುವ, ಕನ್ನಡ ಬಲ್ಲ ಡಾಕ್ಟರು ಸಿಕ್ಕರೆ ಬಿಡಬೇಡಿ, ನಾಳೆ ನಿಮ್ಮ ಅಮ್ಮನನ್ನು ಕರೆದುಕೊಂಡು ಹೋಗುವುದಿದ್ದರಂತೂ ಖಂಡಿತ. ರೂಟ್ ಕೆನಾಲ್ ಬೇಕು ಎಂದರೆ ಎಕ್ಸ್‌ರೇ ತೋರಿಸಿ ಎನ್ನಿ. ಹುಳುಕಿನ ಕಪ್ಪು ನೆರಳು ಎಲ್ಲಿದೆ, ನರದಿಂದ ಎಷ್ಟು ದೂರದಲ್ಲಿದೆ ಎಂದು ಬೆರಳಿಟ್ಟು ತೋರಿಸುವವರು ಸರಿಯಾದವರು. ಅದರ ಪ್ರತಿ ಕೇಳಿ ಫೋನಿನಲ್ಲಿ ಇಟ್ಟುಕೊಳ್ಳಿ. ಯೋಚನೆ ಮಾಡಿ ಬರುತ್ತೇನೆ ಎಂದಾಗ ಮುಖ ಗಂಟಿಕ್ಕುವವರ ಹತ್ತಿರ ವಾಪಸ್ ಹೋಗುವ ಅಗತ್ಯವಿಲ್ಲ.

ಕಾಲೇಜುಗಳ ಬಗ್ಗೆ ಎರಡು ಮಾತು. ಬನಶಂಕರಿಯಿಂದ ಹಸಿರು ಮೆಟ್ರೋ ಹತ್ತಿದರೆ ಕೆ.ಆರ್. ಮಾರ್ಕೆಟ್ ನಿಲ್ದಾಣಕ್ಕೆ ನೇರ, ಸರ್ಕಾರಿ ಕಾಲೇಜು ಅಲ್ಲೇ. ನಿಮ್ಮ ಸುತ್ತಮುತ್ತಲೇ ವಿ.ವಿ. ಪುರದಲ್ಲಿ ವಿ.ಎಸ್., ಕುಮಾರಸ್ವಾಮಿ ಲೇಔಟಿನಲ್ಲಿ ದಯಾನಂದ ಸಾಗರ್, ಜೆ.ಪಿ. ನಗರದಲ್ಲಿ ಆರ್.ವಿ. ದಂತ ಕಾಲೇಜುಗಳೂ ಇವೆ. ಖರ್ಚು ಕಡಿಮೆ, ವಿದ್ಯಾರ್ಥಿಗಳು ಮಾಡಿದ ಕೆಲಸವನ್ನು ಮೇಷ್ಟ್ರುಗಳು ಬಂದು ನೋಡುತ್ತಾರೆ. ಆದರೆ ಹೊತ್ತು ಹಿಡಿಯುತ್ತದೆ. ನನ್ನ ರೂಟ್ ಕೆನಾಲ್ ಮುಗಿಯಲು ನಾಲ್ಕು ಸಲ ಹೋದೆ, ನಾಲ್ಕು ಸಲವೂ ಅರ್ಧ ದಿನ ರಜೆ. ರಜೆ ಸಿಗದವರು ಇನ್ನೊಂದು ಅಭಿಪ್ರಾಯಕ್ಕೆ ಮಾತ್ರ ಕಾಲೇಜಿಗೆ ಹೋಗಿ ಬಂದು, ಚಿಕಿತ್ಸೆಯನ್ನು ಮನೆ ಹತ್ತಿರ ಮಾಡಿಸಿಕೊಳ್ಳುವುದು ವಾಸಿ.

ಈಗಿನ ನನ್ನ ಡಾಕ್ಟರು ಸಿಕ್ಕಿದ್ದೂ ಆ ಪಿ.ಜಿ. ಮೇಡಂ ಕಡೆಯಿಂದಲೇ. ಕೊನೆಯ ದಿನ, "ನಿಮ್ಮ ಮನೆಯವರಿಗೆ ಹಲ್ಲು ನೋವು ಬಂದರೆ ನಮ್ಮ ಏರಿಯಾದಲ್ಲಿ ಯಾರ ಹತ್ತಿರ ಕಳಿಸ್ತೀರಿ?" ಎಂದು ಕೇಳಿದ್ದಕ್ಕೆ ಚಂದ್ರಾ ಲೇಔಟಿನ ತಮ್ಮ ಸೀನಿಯರ್ ಒಬ್ಬರ ಹೆಸರು ಬರೆದುಕೊಟ್ಟರು. ನೋವಿಲ್ಲದ ದಿನ, ಬರೀ ಕ್ಲೀನಿಂಗಿಗೆ ಅಂತ ಹೋದೆ. ನೀವೂ ಹಾಗೇ ಮಾಡಿ, ನೋವಿಲ್ಲದಾಗ ನಾಲ್ಕು ಕಡೆ ಕಣ್ಣಾಡಿಸಲು ಆಗುತ್ತದೆ. ಉಪಕರಣಗಳನ್ನು ನಿಮ್ಮೆದುರೇ ಸೀಲ್ ಮಾಡಿದ ಪೊಟ್ಟಣದಿಂದ ತೆಗೆಯುತ್ತಾರೋ ನೋಡಿ. ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವಿನ ಬಿಸಿಗೆ ಪೊಟ್ಟಣದ ಮೇಲಿನ ಗುರುತಿನ ಬಣ್ಣ ಬದಲಾಗಿರಬೇಕು. ಗೋಡೆಯ ಮೇಲೆ ಕೆ.ಪಿ.ಎಂ.ಇ. (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ) ನೋಂದಣಿ ಪತ್ರ, ಔಷಧಿ ಚೀಟಿಯ ಮೇಲೆ ದಂತ ವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ರೂಟ್ ಕೆನಾಲ್ ಆದರೆ ಮಾಡುವವರು ಯಾರು ಎಂದು ಕೇಳಿ. ಎಷ್ಟೋ ಕ್ಲಿನಿಕ್ಕುಗಳಿಗೆ ಎಂ.ಡಿ.ಎಸ್. ಮಾಡಿದ ಎಂಡೋಡಾಂಟಿಸ್ಟ್, ಅಂದರೆ ರೂಟ್ ಕೆನಾಲ್ ತಜ್ಞರು, ವಾರಕ್ಕೊಂದೆರಡು ದಿನ ಬರುತ್ತಾರೆ, ಕಷ್ಟದ ಹಲ್ಲಾದರೆ ಆ ದಿನಕ್ಕೆ ಕಾಯುವುದು ಒಳ್ಳೆಯದು.

ಫಿಲ್ಲಿಂಗ್ ಸಾಕು ಎಂದಿದ್ದ ನನ್ನ ಆ ಇನ್ನೊಂದು ಹಲ್ಲಿಗೆ ಫಿಲ್ಲಿಂಗ್ ಮಾಡಿದ್ದು ಚಂದ್ರಾ ಲೇಔಟಿನ ಡಾಕ್ಟರೇ. ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲು, "ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ" ಅಂದರು. ಒಂದು ಸಲ ಎತ್ತಿದೆ. ಕೈ ಭುಜದ ಮಟ್ಟಕ್ಕೆ ಬರುವ ಮೊದಲೇ ಡ್ರಿಲ್ ನಿಂತಿತ್ತು. ಇನ್ನೊಂದು ಇಂಜೆಕ್ಷನ್ ಕೊಟ್ಟು, ತುಟಿ ದಪ್ಪಗಾದ ಹಾಗೆ ಅನ್ನಿಸುವವರೆಗೂ ಪಕ್ಕದಲ್ಲೇ ಕಾದು, ಆಮೇಲೆ ಮುಂದುವರಿಸಿದರು. ಎಂಟು ವರ್ಷದಿಂದ ಬೇರೆ ಯಾರ ಹತ್ತಿರವೂ ಹೋಗಿಲ್ಲ.

ಸ್ಟಾರ್‌ಗಳನ್ನು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹೋದ ವಾರ ಕ್ಯಾಪ್ ಹಾಕಿಸಿಕೊಂಡವರ ಹೊಗಳಿಕೆಗಿಂತ, ಹಾಕಿಸಿ ಮೂರು ವರ್ಷವಾದವರು ಬರೆದ ಎರಡು ಸಾಲು ಮೇಲು.

ಹಾಸನದಲ್ಲಿ ನಿಮಗೆ ಹಲ್ಲು ನೋಡುತ್ತಿದ್ದ ಡಾಕ್ಟರ ನಂಬರ್ ಇದ್ದೇ ಇರುತ್ತದೆ. ಇವತ್ತು ಸಂಜೆಯೇ ಫೋನ್ ಮಾಡಿ. ಹಳೆಯ ಎಕ್ಸ್‌ರೇ ಇದ್ದರೆ ವಾಟ್ಸಾಪಿನಲ್ಲಿ ಕಳಿಸಲು ಹೇಳಿ, ಅವರ ಜೊತೆ ಓದಿದ ಡಾಕ್ಟರುಗಳು ಬನಶಂಕರಿ, ಜಯನಗರದ ಕಡೆ ಯಾರಿದ್ದಾರೆ ಎಂದು ಕೇಳಿ. ಹಾಸನದಲ್ಲೇ ಹಾಸನಾಂಬ ದಂತ ಕಾಲೇಜು ಇರುವುದರಿಂದ, ಅಲ್ಲಿನ ಡಾಕ್ಟರಿಗೆ ಇಲ್ಲಿ ಯಾರೂ ಪರಿಚಯವಿಲ್ಲದೆ ಇರಲಾರರು. ಹೆಸರು ಸಿಕ್ಕ ಮೇಲೆ ಇಲ್ಲೇ ಕೆಳಗೆ ಬರೆಯಿರಿ, ಆ ಕಡೆ ಇರುವ ನನ್ನ ತಂಗಿಯನ್ನು ವಿಚಾರಿಸಿ ಹೇಳುತ್ತೇನೆ.