ಪ್ಲೇಟೋ ಓದಿದರೆ ಹೊಟ್ಟೆ ತುಂಬುತ್ತಾ ಮೇಡಂ?

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ದಾವಣಗೆರೆಯ ಹುಡುಗಿ, ಓದಿನ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದಿದ್ದಳು. ಬಿ.ಎ. ಮೊದಲ ವರ್ಷ ಮುಗಿದಿತ್ತು. ಎಚ್‌ಇಪಿ ಅಂತೀವಲ್ಲ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಅದೇ. ರಾಜ್ಯಶಾಸ್ತ್ರಕ್ಕಾಗಿಯೇ ಸೇರಿದವಳು ಈಗ ಬಿಡುತ್ತೇನೆ ಅನ್ನುತ್ತಿದ್ದಳು. ಜೊತೆಗೆ ಬಂದ ಅಪ್ಪನಿಗೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. "ಬಿಕಾಂ ಆದ್ರೆ ಯಾವ್ದಾದ್ರೂ ಅಂಗಡಿ ಲೆಕ್ಕ ಬರೀತಾಳೆ. ಇದನ್ನ ಓದಿ ಎಮ್ಮೆಲ್ಲೆ ಆಗ್ತಾಳಾ ಮೇಡಂ?"

ಭಯ ಅಪ್ಪನದು, ಹುಡುಗಿ ಸುಮ್ನೆ ತಲೆಯಾಡಿಸುತ್ತಿದ್ದಾಳೆ ಅಂದುಕೊಂಡೆ. ಅದು ನನ್ನ ತಪ್ಪು. ಅಪ್ಪನನ್ನು ಹೊರಗೆ ಕೂರಿಸಿದ ಮೇಲೆ ಬಾಯಿಬಿಟ್ಟಳು. "ಎಲೆಕ್ಷನ್ನು, ಸರ್ಕಾರ ಬೀಳೋದು, ಅಂಥದ್ದಿರುತ್ತೆ ಅಂದ್ಕೊಂಡಿದ್ದೆ. ಬರೀ ಪ್ಲೇಟೋ, ಅರಿಸ್ಟಾಟಲ್ ನೋಟ್ಸು."

ಮನೆಯಲ್ಲಿ ಜಾಸ್ತಿ ಮಾತು ಯಾವುದರ ಬಗ್ಗೆ ಅಂತ ಕೇಳಿದೆ. ಭಟ್ಟಿ ಹೊಗೆ. ಭಟ್ಟಿಗಳನ್ನು ಊರಾಚೆ ಕಳಿಸುತ್ತಾರಂತೆ ಅಂತ ಯಾರಾದರೂ ಅಂದರೆ ಸಾಕು, ಅಪ್ಪನಿಗೆ ನಿದ್ದೆಯಿಲ್ಲ. ಅದನ್ನು ತೀರ್ಮಾನಿಸುವವರು ಯಾರು? "ಕಾರ್ಪೊರೇಟರ್" ಅಂದಳು. ಅಪ್ಪನನ್ನು ಒಳಗೆ ಕರೆದು ಅದನ್ನೇ ಕೇಳಿದೆ. "ಅವನ ಕೈಲೇನಿದೆ, ಡಿಸಿ ಹೇಳ್ಬೇಕು." ಇಬ್ಬರಿಗೂ ಹತ್ತು ನಿಮಿಷ ಜಗಳ. ನಾನು ಬಿಡಿಸಲಿಲ್ಲ.

ಡಿಸಿ ಥರ ಪರೀಕ್ಷೆ ಬರೆದು ತಿಳಿದುಕೊಂಡು ಬಂದವನು ಆಳಬೇಕೋ, ಕಾರ್ಪೊರೇಟರ್ ಥರ ಓಣಿಯವರು ಓಟು ಹಾಕಿ ಕಳಿಸಿದವನು ಆಳಬೇಕೋ? ಹಳೆಯ ಗ್ರೀಕ್ ತತ್ವಜ್ಞಾನಿ ಪ್ಲೇಟೋ ತಲೆಕೆಡಿಸಿಕೊಂಡದ್ದೂ ಹೆಚ್ಚುಕಡಿಮೆ ಇದಕ್ಕೇ, ತಿಳಿದವರೇ ಆಳಲಿ ಅಂದ. ನಮ್ಮ ಸಂವಿಧಾನ ಓಟಿನ ಕಡೆ ನಿಂತಿತು. 1992ರ 74ನೇ ತಿದ್ದುಪಡಿ ಪಾಲಿಕೆಗಳಿಗೆ ಅಂತ 18 ಕೆಲಸಗಳ ಪಟ್ಟಿಯನ್ನೂ ಕೊಟ್ಟಿತು. ಆದರೆ ಅದರಲ್ಲಿ ಎಷ್ಟನ್ನು ನಿಜವಾಗಿ ಬಿಟ್ಟುಕೊಡಬೇಕು ಅನ್ನುವುದು ರಾಜ್ಯದ ಕೈಯಲ್ಲೇ ಉಳಿಯಿತು. ಹಾಗಾಗಿ ಅಪ್ಪ, ಮಗಳು ಇಬ್ಬರದೂ ಅರ್ಧರ್ಧ ಸರಿ. ಇಷ್ಟು ಹೇಳುವಾಗ ಹುಡುಗಿ ಮೊಬೈಲ್ ಕೆಳಗಿಟ್ಟಿದ್ದಳು.

ಹೊಟ್ಟೆಪಾಡಿನ ಮಾತನ್ನು ನೇರವಾಗಿಯೇ ಆಡಿದೆ. ಬಿ.ಎ. ಒಂದರಿಂದಲೇ ಕೆಲಸ ಸಿಗುತ್ತೆ ಅಂತ ನಾನು ಹೇಳಲ್ಲ. ಮುಂದೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ಎಂ.ಎ. ಮಾಡಿ ನೆಟ್ ಅಥವಾ ಕೆಸೆಟ್ ಅನ್ನುವ ಅಧ್ಯಾಪಕರ ಅರ್ಹತಾ ಪರೀಕ್ಷೆ ಪಾಸಾದರೆ ಕಾಲೇಜಿನಲ್ಲಿ ಪಾಠ ಹೇಳುವ ದಾರಿಯಿದೆ. ಐಎಎಸ್ ಪರೀಕ್ಷೆಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ರಾಜ್ಯಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡರೆ ಮುಖ್ಯ ಪರೀಕ್ಷೆಯಲ್ಲಿ 500 ಅಂಕ ಅದರದ್ದೇ. ಆದರೆ ಧಾರವಾಡದಲ್ಲಿ ರೂಮು ಮಾಡಿ ನಾಲ್ಕೈದು ವರ್ಷ ಕೂತು ಬರಿಗೈಲಿ ಬಂದವರನ್ನು ನೋಡಿದ್ದೇನೆ. ಅದೊಂದನ್ನೇ ನಂಬಬೇಡ ಅಂದೆ.

ಕೊಟ್ಟ ಸಲಹೆ ಇಷ್ಟು. ಈಗ ಕೋರ್ಸ್ ಬದಲಿಸಿ ಒಂದು ವರ್ಷ ಕಳೆದುಕೊಳ್ಳಬೇಡ. ಅಪ್ಪನ ಮಾತಿಗೂ ಬೆಲೆ ಕೊಟ್ಟು ಸಂಜೆ ಟ್ಯಾಲಿ, ಅಂದರೆ ಕಂಪ್ಯೂಟರಿನಲ್ಲಿ ಅಂಗಡಿ ಲೆಕ್ಕ ಬರೆಯೋದು, ಕಲಿ. ನೋಟ್ಸ್ ಬಿಟ್ಟು ಸಂವಿಧಾನದ ಕನ್ನಡ ಪ್ರತಿಯನ್ನೇ ತೆರೆದು ಆ 18ರ ಪಟ್ಟಿ ಓದಿಕೊಂಡು ಬಾ.

ಮೂರು ವಾರಕ್ಕೆ ಇಬ್ಬರೂ ಬಂದರು. ಕುರ್ಚಿ ಎಳೆದುಕೊಳ್ಳುವ ಮೊದಲೇ ಅಪ್ಪ ಕೇಳಿದರು: "ಆ ಪಟ್ಟಿಯಲ್ಲಿ ನಮ್ ಹೊಗೆ ಐತಾ ಮೇಡಂ? ಇವಳು ಐತಿ ಅಂತಾಳೆ."

"ಎಂಟನೇದು ಅಪ್ಪಾಜಿ, ಪರಿಸರ," ಅಂದಳು ಮಗಳು.