ನಂಬರ್ ಪ್ಲೇಟ್ ಎಲ್ಲಿಗೂ ಓಡಿಹೋಗಲ್ಲ

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಹೋದ ತಿಂಗಳು ಹೆಲ್ಮೆಟ್ ಇಲ್ಲದೆ ಹೋಗುವಾಗ ಊರಾಚೆ ಸರ್ಕಲ್‌ನಲ್ಲಿ ಚೆಕಿಂಗ್ ನೋಡಿ, ಹೆದರಿ ಬೈಕ್ ತಿರುಗಿಸಿಬಿಟ್ಟ. ಇಬ್ಬರು ಪೊಲೀಸರು ಬೈಕ್‌ನಲ್ಲೇ ಅಟ್ಟಿಸಿಕೊಂಡು ಬಂದರು. ಎರಡು ಕಿಲೋಮೀಟರ್ ಆದ ಮೇಲೆ ಹಂಪ್ ಕಾಣದೆ ಬಿದ್ದ, ಭುಜದ ಮೂಳೆ ಮುರಿದಿದೆ. ತಪ್ಪು ಅವನದೇ, ಒಪ್ಪಿಕೊಳ್ತೀನಿ. ಆದರೆ ಐನೂರು ರೂಪಾಯಿ ದಂಡಕ್ಕೆ ಇಷ್ಟೆಲ್ಲ ಬೇಕಿತ್ತಾ? ಕೇಳಿದರೆ "ನಿಲ್ಲಿಸಿದ್ದರೆ ಹೀಗೆ ಆಗ್ತಿರಲಿಲ್ಲ" ಅಂತಾರೆ.
— ಒಬ್ಬ ತಾಯಿ, ತಿಪಟೂರು

ಉತ್ತರ: ಅಮ್ಮಾ, ಮೊದಲು ಮಗ ಹುಷಾರಾಗಲಿ.

ಅವರು ಹೇಳಿದ್ದು ಸುಳ್ಳಲ್ಲ. ಸಮವಸ್ತ್ರದಲ್ಲಿರುವ ಪೊಲೀಸರು ಕೈ ತೋರಿಸಿದರೆ ನಿಲ್ಲಿಸಲೇಬೇಕು, ಪೊಲೀಸರ ಸೂಚನೆ ಪಾಲಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಮಗನಿಗೆ ಅದನ್ನು ಕೂರಿಸಿಕೊಂಡು ಹೇಳಿ. ಆದರೆ ಅದೇ ಕಾಯ್ದೆಯಲ್ಲಿ 133ನೇ ಸೆಕ್ಷನ್ ಅಂತ ಒಂದಿದೆ. ಗಾಡಿ ಓಡಿಸುತ್ತಿದ್ದವರು ಯಾರು ಅಂತ ಪೊಲೀಸರು ಕೇಳಿದರೆ ಮಾಲೀಕ ಹೇಳಲೇಬೇಕು. ಅಂದರೆ ಬೈಕ್ ನಂಬರ್ ಸಿಕ್ಕಿದರೆ ಹುಡುಗ ಸಿಕ್ಕ ಹಾಗೆಯೇ. ಇವತ್ತಲ್ಲದಿದ್ದರೆ ನಾಳೆ ನಿಮ್ಮ ಮನೆಗೆ ನೋಟಿಸ್ ಬರುತ್ತದೆ, ನೀವು ದಂಡ ಕಟ್ಟುತ್ತೀರಿ, ಮಗ ಬೈಗುಳ ತಿನ್ನುತ್ತಾನೆ, ಅಲ್ಲಿಗೆ ಮುಗಿಯಿತು. ನಿಲ್ಲಿಸಿದ್ದರೆ ಆಗ್ತಿರಲಿಲ್ಲ, ಸರಿ. ಅಟ್ಟದೇ ಇದ್ದಿದ್ದರೂ ಆಗ್ತಿರಲಿಲ್ಲ ಅಲ್ವಾ?

2025ರ ಮೇನಲ್ಲಿ ಮಂಡ್ಯದಲ್ಲಿ ಆಗಿದ್ದು ನಿಮಗೆ ನೆನಪಿರಬಹುದು. ನಾಯಿ ಕಚ್ಚಿದ ಪುಟ್ಟ ಮಗುವನ್ನು ತಂದೆ ತಾಯಿ ಬೈಕ್‌ನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಹೆಲ್ಮೆಟ್ ಚೆಕಿಂಗ್‌ಗೆ ತಡೆದಾಗ ಬೈಕ್ ಉರುಳಿತು, ಮಗು ಉಳಿಯಲಿಲ್ಲ. ಮೂವರು ಎಎಸ್‌ಐಗಳು ಅಮಾನತಾದರು. ಅದಾದ ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರಿಂದ ಎಲ್ಲರಿಗೂ ಸೂಚನೆ ಹೋಯಿತು: ದಿಢೀರ್ ಅಂತ ರಸ್ತೆಗೆ ಅಡ್ಡ ಬರಬೇಡಿ, ಕೀ ಕಿತ್ತುಕೊಳ್ಳಬೇಡಿ, ಜೋರಾಗಿ ಹೋಗುವ ಗಾಡಿಯ ಬೆನ್ನು ಹತ್ತಬೇಡಿ, ನಂಬರ್ ಬರೆದುಕೊಂಡು ಕಂಟ್ರೋಲ್ ರೂಮ್‌ಗೆ ಹೇಳಿ. ಕೇರಳ ಹೈಕೋರ್ಟ್ 2019ರಲ್ಲೇ ಇದೇ ಧಾಟಿಯಲ್ಲಿ ಹೇಳಿತ್ತು, ಹೆಲ್ಮೆಟ್ ಹಾಕದವರನ್ನು ಅಟ್ಟಾಡಿಸಿ ಹಿಡಿಯಬೇಡಿ, ಕ್ಯಾಮೆರಾ ಬಳಸಿ ಅಂತ. 2018ರಲ್ಲಿ ತಮಿಳುನಾಡಿನ ತಿರುಚಿರಾಪಳ್ಳಿ ಹತ್ತಿರ ಹೆಲ್ಮೆಟ್ ವಿಷಯಕ್ಕೇ ಒಬ್ಬ ಇನ್‌ಸ್ಪೆಕ್ಟರ್ ಬೆನ್ನಟ್ಟಿ ಹೋಗಿ ಬೈಕನ್ನು ಒದ್ದಿದ್ದರಿಂದ ಹಿಂದೆ ಕೂತಿದ್ದ ಹೆಣ್ಣುಮಗಳು ತೀರಿಕೊಂಡರು, ಸಾವಿರಾರು ಜನ ರಸ್ತೆಗೆ ಇಳಿದರು. ಇಷ್ಟಾದ ಮೇಲೂ ನಿಮ್ಮ ಮಗನ ಹಿಂದೆ ಬೈಕ್ ಬಿಟ್ಟಿದ್ದಾರೆ ಅಂದರೆ ಅದು ತಪ್ಪೇ. ಎಸ್‌ಪಿ ಕಚೇರಿಗೆ ಒಂದು ದೂರು ಬರೆದು ಕೊಡಿ. ಆಸ್ಪತ್ರೆಯ ಚೀಟಿಗಳ ಜೆರಾಕ್ಸ್ ಇಡಿ. ದಾರಿಯಲ್ಲಿ ಅಂಗಡಿ ಕ್ಯಾಮೆರಾಗಳಿದ್ದರೆ ಬೇಗ ಹೋಗಿ ಕೇಳಿ, ಜಾಸ್ತಿ ದಿನ ಉಳಿಯಲ್ಲ, ಹಳೆಯದರ ಮೇಲೆ ಹೊಸದು ಬಂದುಬಿಡುತ್ತದೆ.

ನಾನು ಇಲಾಖೆಯಲ್ಲಿದ್ದು ನಿವೃತ್ತನಾದವನು, ಹಾಗಾಗಿ ಇನ್ನೊಂದು ಮಾತು ಹೇಳಲೇಬೇಕು. ಒಂದು ಬೆಳಗಿನ ಜಾವ, ಇನ್ನೂ ಕತ್ತಲು, ಮರಳು ತುಂಬಿದ ಟೆಂಪೋ ಒಂದು ನಾಕಾಬಂದಿ ದಾಟಿ ಓಡಿತು. ಜೀಪ್ ಹತ್ತಿ ಬೆನ್ನಟ್ಟಿದೆವು. ನಾನು ಡ್ರೈವರ್ ಪಕ್ಕ ಕೂತು "ಜೋರಾಗಿ ಬಿಡ್ರೀ ಗಾಡಿ, ಬಿಡ್ರೀ" ಅಂತ ಕೂಗುತ್ತಿದ್ದೆ. ಮುಂದಿನ ಆ ಎರಡು ಕೆಂಪು ಲೈಟು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಒಂದು ಹಳ್ಳಿಯ ತಿರುವಿನಲ್ಲಿ ಟೆಂಪೋ ಹಾದುಹೋಯಿತು, ಅದರ ಹಿಂದೆಯೇ ಸೈಕಲ್ ತಳ್ಳಿಕೊಂಡು ಡೈರಿಗೆ ಹೊರಟಿದ್ದ ಒಬ್ಬರು ನಮ್ಮ ಬಂಪರ್‌ಗೆ ಸಿಕ್ಕಿದರು. ಹಾಲಿನ ಕ್ಯಾನು ಟಾರು ರಸ್ತೆ ಮೇಲೆ ಉರುಳುವ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಹೆಡ್‌ಲೈಟ್ ಬೆಳಕಿನಲ್ಲಿ ಹಾಲು ರಸ್ತೆ ಅಂಚಿನವರೆಗೂ ಹರಿದಿತ್ತು. ಜೀವ ಉಳಿಯಿತು, ಕಾಲು ಮುರಿಯಿತು. ಆಸ್ಪತ್ರೆಯಲ್ಲಿ ಅವರು ನನ್ನನ್ನು ಬೈಯಲಿಲ್ಲ, "ಸಾರ್, ಆ ಟೆಂಪೋದಲ್ಲಿ ಏನಿತ್ತು?" ಅಂತ ಕೇಳಿದರು. ಮರಳು ಅಂತ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಟೆಂಪೋ ಮಾರನೇ ದಿನ ಸಿಕ್ಕಿತು. ಮಾಲೀಕನ ಮನೆ ಮುಂದೆ ತೊಳೆದು ನಿಲ್ಲಿಸಿದ್ದ. ನಂಬರ್ ಮೊದಲ ನಿಮಿಷದಲ್ಲೇ ನಮ್ಮ ಹತ್ತಿರ ಇತ್ತು.

ಪ್ರಶ್ನೆ: ಇಷ್ಟೆಲ್ಲ ಯಾಕೆ ಸಾರ್, ಟೈರಿಗೋ ಇಂಜಿನ್‌ಗೋ ಗುಂಡು ಹೊಡೆದರೆ ಗಾಡಿ ನಿಲ್ಲುತ್ತಲ್ಲ?
— ಪಿಯುಸಿ ವಿದ್ಯಾರ್ಥಿ, ಹಾವೇರಿ

ಉತ್ತರ: ಇಲ್ಲಪ್ಪ. ಅದು ತೆರೆ ಮೇಲೆ ಮಾತ್ರ. 2010ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಮೇಲ್ಸೇತುವೆ ಮೇಲೆ ನಿಂತು, ಗಂಟೆಗೆ ಸುಮಾರು 137 ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದ ಕಾರಿನ ಇಂಜಿನ್ ನಿಲ್ಲಿಸಬೇಕು ಅಂತ ಆರು ಗುಂಡು ಹಾರಿಸಿದ. ಇಂಜಿನ್‌ಗೆ ಒಂದೂ ತಾಗಿದ ಗುರುತಿರಲಿಲ್ಲ. ನಾಲ್ಕು ಗುಂಡು ಓಡಿಸುತ್ತಿದ್ದವನ ಮೈಗೆ ಬಿದ್ದವು, ಅವನು ಸತ್ತ. ಟೈರ್ ಪಂಕ್ಚರ್ ಮಾಡಲು ಮೊಳೆಯ ಪಟ್ಟಿಯನ್ನು ಅದೇ ಸೇತುವೆ ಕೆಳಗೆ ಹಾಸಿಟ್ಟಿದ್ದರು, ಇನ್ನೊಂದು ಕ್ಷಣ ಕಾದಿದ್ದರೆ ಕಾರು ಅದರ ಮೇಲೆ ಹೋಗುತ್ತಿತ್ತು.

ಪ್ರಶ್ನೆ: ನಾನು ಸಿಯಾಟಲ್‌ನಲ್ಲಿ ಇರುವ ಕನ್ನಡಿಗ. ಇಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ 2021ರಲ್ಲಿ ಪೊಲೀಸರ ಚೇಸಿಂಗ್‌ಗೆ ಕಾನೂನು ತಂದು ಕಡಿವಾಣ ಹಾಕಿದರು. ಆಮೇಲೆ ಕಾರು ಕಳ್ಳರಿಗೆ ಹಬ್ಬ. ಪೊಲೀಸರು ಹಿಂದೆ ಬರಲ್ಲ ಅಂತ ಗೊತ್ತಾದರೆ ಯಾರು ನಿಲ್ಲಿಸುತ್ತಾರೆ? ಕೊನೆಗೆ 2024ರಲ್ಲಿ ಬದಲಾಯಿಸಬೇಕಾಯಿತು. ನೀವು ಕಳ್ಳರ ಬಗ್ಗೆ ಮೃದುವಾಗಿ ಬರೆಯುತ್ತೀರಿ ಅನ್ನಿಸುತ್ತದೆ.
— ಸಾಫ್ಟ್‌ವೇರ್ ಇಂಜಿನಿಯರ್

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿ ಆ ಕಾನೂನು ಬದಲಿಸಿ ಅಂತ ಕೇಳಿದರು, ಅಲ್ಲಿನ ಶಾಸಕಾಂಗವೇ ಒಪ್ಪಿಕೊಂಡಿತು. ಅಷ್ಟು ಜನ ಸುಮ್ನೆ ಸಹಿ ಹಾಕಲ್ಲ. ಅಮೆರಿಕದ್ದೇ ಆದ ಮಿಲ್ವಾಕಿ ನಗರದಲ್ಲೂ ಹೀಗೇ ಆಯಿತು. ಚೇಸ್‌ಗಳಲ್ಲಿ ಅಮಾಯಕರು ಸತ್ತರು ಅಂತ 2010ರಲ್ಲಿ ನಿಯಮ ಬಿಗಿ ಮಾಡಿದರು. ಆಮೇಲೆ ಕಾರು ಕಳವು ಏರಿತು, 2017ರಲ್ಲಿ ಮತ್ತೆ ಸಡಿಲ ಮಾಡಿದರು, ಮರುವರ್ಷವೇ ಚೇಸ್‌ಗಳು ದುಪ್ಪಟ್ಟು ದಾಟಿದವು. ಎರಡೂ ಕಡೆ ನೋವಿದೆ.

ನೀವು ಕೇಳಿದ ಪ್ರಶ್ನೆಯನ್ನೇ ಅಮೆರಿಕದ ಸುಪ್ರೀಂ ಕೋರ್ಟ್ 2007ರಲ್ಲಿ ಎತ್ತಿಕೊಂಡಿತ್ತು. ಸ್ಕಾಟ್ ವರ್ಸಸ್ ಹ್ಯಾರಿಸ್ ಅಂತ ಕೇಸು. ಜಾರ್ಜಿಯಾದಲ್ಲಿ 2001ರ ಒಂದು ರಾತ್ರಿ 19 ವರ್ಷದ ಹುಡುಗನೊಬ್ಬ ಗಂಟೆಗೆ 55 ಮೈಲಿ ಮಿತಿಯಿದ್ದ ರಸ್ತೆಯಲ್ಲಿ 73 ಮೈಲಿಯಲ್ಲಿ ಹೋಗುತ್ತಿದ್ದ. ಪೊಲೀಸರು ಲೈಟ್ ಹಾಕಿದರು, ಅವನು ನಿಲ್ಲಿಸಲಿಲ್ಲ. ಆರು ನಿಮಿಷದ ಒಳಗೆ ಹತ್ತು ಮೈಲಿ ಅಟ್ಟಿದರು. ಕೊನೆಗೆ ಹಿಂದಿನಿಂದ ಬಂಪರ್‌ಗೆ ಗುದ್ದಿದರು, ಕಾರು ಕೆಳಗೆ ಉರುಳಿತು, ಹುಡುಗನಿಗೆ ಕೈಕಾಲು ಎರಡೂ ಸ್ವಾಧೀನ ತಪ್ಪಿದವು. ಕೋರ್ಟ್ 8-1ರಲ್ಲಿ ಪೊಲೀಸರ ಪರ ನಿಂತಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ನಿಮ್ಮ ಮಾತನ್ನೇ ಹೇಳಿದ್ದಾರೆ: ಜೋರಾಗಿ ಓಡಿಸಿದರೆ ಪೊಲೀಸರು ಬಿಟ್ಟುಬಿಡಬೇಕು ಅಂತಾದರೆ ಎಲ್ಲರೂ ಜೋರಾಗಿಯೇ ಓಡಿಸುತ್ತಾರೆ. ಒಪ್ಪದಿದ್ದವರು ಒಬ್ಬರೇ, ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್. ಅವರು ತೋರಿಸಿದ್ದು ಸಣ್ಣ ವಿಷಯ. ಪೊಲೀಸರ ಹತ್ತಿರ ಕಾರಿನ ನಂಬರ್ ಇತ್ತು, ಆಮೇಲೆ ಹಿಡಿಯಬಹುದಿತ್ತು.

ನಾನು ಆ ಒಬ್ಬರ ಪಕ್ಷ. ಯಾಕೆ ಅಂದರೆ ಸ್ಕಾಲಿಯಾ ಅವರ ಮಾತು ಸರಿಯಾಗಬೇಕಾದರೆ ಓಡುವವನು ಲೆಕ್ಕ ಹಾಕಿ ಓಡಬೇಕು. ನಾನು ನೋಡಿದ ಹಾಗೆ ಓಡುವವರು ಲೆಕ್ಕ ಹಾಕಲ್ಲ. ಲೈಸೆನ್ಸ್ ಇರಲ್ಲ, ಕುಡಿದಿರುತ್ತಾರೆ, ಅಪ್ಪನ ಬೈಕ್ ಹೇಳದೆ ತಂದಿರುತ್ತಾರೆ, ಆ ಹೊತ್ತಿನಲ್ಲಿ ತಲೆಯೇ ಓಡಲ್ಲ. ಹಿಂದೆ ಸೈರನ್ ಇರುವವರೆಗೂ ಓಡುತ್ತಲೇ ಇರುತ್ತಾರೆ. ಸೈರನ್ ನಿಂತರೆ ಸ್ವಲ್ಪ ದೂರದಲ್ಲಿ ವೇಗ ತಗ್ಗಿಸಿ ಉಸಿರು ಬಿಡುತ್ತಾರೆ.

ಕದ್ದ ಕಾರಿನ ನಂಬರ್ ಇಟ್ಟುಕೊಂಡು ಏನು ಮಾಡೋದು ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅಲ್ಲಿ ನಂಬರ್ ಅಷ್ಟು ಸಹಾಯ ಮಾಡಲ್ಲ. ಅದಕ್ಕೇ ನಿಮ್ಮ ದೇಶದಲ್ಲಿ ಕೆಲವು ಕಡೆ ಮುಂದಿನ ಕಾರಿಗೆ ಅಂಟಿಕೊಳ್ಳುವ ಜಿಪಿಎಸ್ ತುಣುಕನ್ನು ಹಾರಿಸುತ್ತಾರೆ, ಹೆಲಿಕಾಪ್ಟರ್ ಮೇಲಿನಿಂದ ನೋಡುತ್ತದೆ, ಕೆಳಗಿನವರು ಹಿಂದೆ ಸರಿಯುತ್ತಾರೆ. ಇದಕ್ಕೆ ದುಡ್ಡು ಬೇಕು, ಹೌದು. ಅದು ಇಲ್ಲದ ಕಡೆ ಒಂದು ಕಾರು ಕೈತಪ್ಪಿ ಹೋಗಬಹುದು. ಹೋಗಲಿ ಅಂತೀನಿ. ಸ್ಯಾನ್‌ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆ ಲೆಕ್ಕ ಹಾಕಿದ ಪ್ರಕಾರ 2017ರಿಂದ 2022ರವರೆಗೆ ಅಮೆರಿಕದಲ್ಲಿ ಚೇಸ್‌ಗಳಿಂದ 3,300ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಅದರಲ್ಲಿ 500ಕ್ಕೂ ಹೆಚ್ಚು ಜನರಿಗೆ ಆ ಚೇಸ್‌ಗೂ ತಮಗೂ ಸಂಬಂಧವೇ ಇರಲಿಲ್ಲ, ಸುಮ್ಮನೆ ರಸ್ತೆಯಲ್ಲಿದ್ದರು. ಕಾರಿಗೆ ಇನ್ಶೂರೆನ್ಸ್ ಬರುತ್ತದೆ ಸ್ವಾಮಿ.

ಹಾಗಂತ ಎಲ್ಲರನ್ನೂ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದಾನೆ, ಕೊಲೆ ಮಾಡಿ ಕೈಯಲ್ಲಿ ಇನ್ನೂ ಬಂದೂಕು ಹಿಡಿದಿದ್ದಾನೆ, ಅಥವಾ ಕುಡಿದು ಹೆದ್ದಾರಿಯಲ್ಲಿ ಎದುರು ದಿಕ್ಕಿನಲ್ಲಿ ನುಗ್ಗುತ್ತಿದ್ದಾನೆ, ಇಂಥ ಕಡೆ ಅಟ್ಟಲೇಬೇಕು, ಅಟ್ಟದೇ ಇರುವುದೇ ದೊಡ್ಡ ತಪ್ಪು. ಅಮೆರಿಕದ ಪೊಲೀಸ್ ಮುಖ್ಯಸ್ಥರ ಜೊತೆ ಕೆಲಸ ಮಾಡುವ ಪರ್ಫ್ ಅನ್ನುವ ಸಂಸ್ಥೆ 2023ರಲ್ಲಿ ಎರಡು ಷರತ್ತು ಹೇಳಿತು. ಹಿಂಸೆಯ ಅಪರಾಧ ನಡೆದಿರಬೇಕು, ಅವನು ಈಗಲೇ ಇನ್ನೊಂದು ಮಾಡುವ ಅಪಾಯವೂ ಇರಬೇಕು. ಎರಡೂ ಇದ್ದರೆ ಅಟ್ಟಿ. ನನ್ನ ಮನಸ್ಸಿಗೆ ಒಪ್ಪುವ ಲೆಕ್ಕ ಇದು. ಹಾಗೆ ಎದುರು ದಿಕ್ಕಿಗೆ ನುಗ್ಗದೆ, ಬರೀ ಕುಡಿದು ಓಡಿಸುವವನನ್ನು ಇದರಲ್ಲಿ ಎಲ್ಲಿ ಸೇರಿಸುವುದು ಅನ್ನುವುದು ಮಾತ್ರ ನನಗೆ ಇವತ್ತಿಗೂ ಕಷ್ಟದ ವಿಷಯ. ಬಿಟ್ಟರೂ ಕೊಲ್ಲಬಹುದು, ಅಟ್ಟಿದರೆ ಇನ್ನೂ ಬೇಗ ಕೊಲ್ಲಬಹುದು.

ಪ್ರಶ್ನೆ: ಸಾರ್, ನಾನು ಸೇರಿ ಮೂರು ವರ್ಷವಾದ ಕಾನ್ಸ್‌ಟೇಬಲ್. ಹೈವೇ ಡ್ಯೂಟಿ. ಗಾಡಿ ನಿಲ್ಲಿಸದೆ ಹೋದರೆ ಪಕ್ಕದ ಟೀ ಅಂಗಡಿಯವರೂ ನಗುತ್ತಾರೆ. ಬಿಟ್ಟರೆ ಕೈಲಾಗದವನು, ಹಿಡಿಯಲು ಹೋಗಿ ಏನಾದರೂ ಆದರೆ ಸಸ್ಪೆಂಡ್. ನಾವು ಏನು ಮಾಡಬೇಕು?
— ಹೆಸರು ಬೇಡ

ಉತ್ತರ: ತಮ್ಮಾ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಜನ ನಮ್ಮವರ ಕಡೆಯಿಂದ ಯೋಚಿಸುವುದು ಕಡಿಮೆ. 2023ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್ಸ್‌ಟೇಬಲ್ ಮೇಲೆ ಅದೇ ಟ್ರ್ಯಾಕ್ಟರ್ ಹರಿದು ಅವರು ಸತ್ತರು. ಅವರೂ ಡ್ಯೂಟಿಗೆ ಅಂತ ಮನೆಯಿಂದ ಹೊರಟವರೇ.

ಒಂದು ಲೆಕ್ಕ ತಲೆಯಲ್ಲಿ ಇಟ್ಟುಕೋ. ಗಂಟೆಗೆ 60ರಲ್ಲಿ ಹೋಗುವ ಕಾರು, ಡ್ರೈವರ್‌ಗೆ ಅಪಾಯ ಕಂಡ ಕ್ಷಣದಿಂದ ನಿಲ್ಲುವವರೆಗೆ, ಒಣ ರಸ್ತೆಯಲ್ಲಿ ಸುಮಾರು 45 ಮೀಟರ್ ತೆಗೆದುಕೊಳ್ಳುತ್ತದೆ. 120ರಲ್ಲಿ ಎರಡರಷ್ಟು ಅಲ್ಲ, ಹತ್ತಿರ ಹತ್ತಿರ ಮೂರರಷ್ಟು, ಸುಮಾರು 130 ಮೀಟರ್. ನಮ್ಮ ಹೈವೇಯಲ್ಲಿ 130 ಮೀಟರ್ ಒಳಗೆ ಒಂದು ಎಮ್ಮೆ, ಒಂದು ಟ್ರ್ಯಾಕ್ಟರ್, ಬಸ್ ಇಳಿದು ದಾಟುವ ಅಜ್ಜಿ, ಎಲ್ಲ ಬರಬಹುದು. ಇನ್ನು ಸಮಯ ನೋಡು. 1990ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಇಬ್ಬರು ಹುಡುಗರ ಬೈಕನ್ನು ಪೊಲೀಸ್ ಕಾರು ಅಟ್ಟಿತು. ಇಡೀ ಚೇಸ್ 75 ಸೆಕೆಂಡ್. ಬೈಕ್ ತಿರುವಿನಲ್ಲಿ ಬಿತ್ತು, ಹಿಂದಿದ್ದ ಕಾರು ಬ್ರೇಕ್ ಹಾಕಿದರೂ ಜಾರಿ ಬಂದು ಹಿಂದೆ ಕೂತಿದ್ದ 16 ವರ್ಷದ ಹುಡುಗನಿಗೆ ಬಡಿಯಿತು. ಅಲ್ಲೇ ಸತ್ತ. ಕೋರ್ಟ್ ಪೊಲೀಸರನ್ನು ಹೊಣೆ ಮಾಡಲಿಲ್ಲ. ಆದರೆ ಆ ಸ್ಟೇರಿಂಗ್ ಹಿಡಿದಿದ್ದವನಿಗೆ ನಿದ್ದೆ ಬಂದಿರುತ್ತದೆ ಅಂತ ನನಗೆ ಅನಿಸಲ್ಲ.

75 ಸೆಕೆಂಡ್‌ನಲ್ಲಿ ಯಾರೂ ಸರಿಯಾಗಿ ಯೋಚಿಸಲಾರರು. ಜೀಪಿನಲ್ಲಿ ನಾನು ಆ ಎರಡು ಕೆಂಪು ಲೈಟು ಮಾತ್ರ ನೋಡುತ್ತಿದ್ದೆ ಅಂದೆನಲ್ಲ, ಯಾರಿಗೇ ಆದರೂ ಹಾಗೇ ಆಗುತ್ತದೆ. ಅದಕ್ಕೇ ಅಟ್ಟಬೇಕಾ ಬಿಡಬೇಕಾ ಅನ್ನುವ ತೀರ್ಮಾನ ಗಾಡಿಯಲ್ಲಿ ಕೂತವನ ಕೈಯಲ್ಲಿ ಇರಬಾರದು. ಅಮೆರಿಕದ ಎಷ್ಟೋ ಇಲಾಖೆಗಳಲ್ಲಿ ಮೇಲಧಿಕಾರಿ ರೇಡಿಯೋದಲ್ಲಿ ಕೇಳುತ್ತಾ ಇರುತ್ತಾರೆ, "ಬಿಡಿ" ಅಂದರೆ ಬಿಡಲೇಬೇಕು. ನಮ್ಮಲ್ಲೂ ಅದು ಸ್ಪಷ್ಟವಾಗಿ ಬರಬೇಕು, ಯಾರು ಹೇಳಬೇಕು ಅನ್ನುವುದು ಹುದ್ದೆ ಸಮೇತ ಬರಬೇಕು, ಇಲ್ಲದಿದ್ದರೆ ಕೊನೆಗೆ ತಪ್ಪು ನಿನ್ನಂಥವನ ತಲೆಗೇ ಬರುತ್ತದೆ. ಇದನ್ನು ನಾನು ಹಳೆಯ ಸಹೋದ್ಯೋಗಿಗಳಿಗೆಲ್ಲ ಹೇಳುತ್ತಲೇ ಇದ್ದೇನೆ.

ಅಲ್ಲಿಯವರೆಗೆ ನೀನು ಮಾಡಬೇಕಾದ್ದು ಇಷ್ಟು. ನಂಬರ್, ಬಣ್ಣ, ಎತ್ತ ಹೋಯಿತು, ಎಷ್ಟು ಹೊತ್ತಿಗೆ, ಇವನ್ನು ತಕ್ಷಣ ವಾಕಿಟಾಕಿಯಲ್ಲಿ ಹೇಳು. ಮುಂದಿನ ಟೋಲ್ ಇದೆ, ಮುಂದಿನ ಠಾಣೆ ಇದೆ, ಕ್ಯಾಮೆರಾ ಇದೆ. ನಂಬರ್ ಪೂರ್ತಿ ಸಿಗದಿದ್ದರೆ ಕೊನೆಯ ನಾಲ್ಕು ಅಂಕಿಯಾದರೂ ಅಂಗೈ ಮೇಲೆ ಬರೆದುಕೋ. ಗಾಡಿ ಮುಂದೆ ಹಾರಿ ನಿಲ್ಲಿಸಲು ಹೋಗಬೇಡ, ಲಾಠಿ ಬೀಸಬೇಡ. ಟೀ ಅಂಗಡಿಯವರು ನಕ್ಕರೆ ನಗಲಿ, ಎರಡು ದಿನ ಬಿಟ್ಟು ಅದೇ ಗಾಡಿ ಠಾಣೆ ಮುಂದೆ ನಿಂತಿದ್ದನ್ನು ಅವರೇ ನೋಡುತ್ತಾರೆ. ರಾತ್ರಿ ಪಾಳಿಯಲ್ಲಿ ಬೆಳಕು ಹೊಳೆಯುವ ಜಾಕೆಟ್ ಇಲ್ಲದೆ ರಸ್ತೆಗೆ ಇಳಿಯಬೇಡ. ಠಾಣೆಯಲ್ಲಿ ಕೊಟ್ಟಿಲ್ಲ ಅಂದರೆ ಕೇಳಿ ತೆಗೆದುಕೋ, ಅದಕ್ಕೂ ಆಗಲಿಲ್ಲ ಅಂದರೆ ನನಗೆ ಬರಿ.