ಲೈಸೆನ್ಸ್ ಬರಲಿ ಅಂತ ಸಂಬಳದ ಮಾತು ತಡೆದಿಟ್ಟವರಿಗೆ

ಓದುಗರೊಬ್ಬರ ಮೂರು ಪುಟದ ಪತ್ರದಲ್ಲಿ ಎರಡೂವರೆ ಪುಟ ಇಂಜಿನಿಯರಿಂಗ್ ಲೈಸೆನ್ಸಿನ ಚಿಂತೆ. ಹೆಂಡತಿ ಕೇಳಿದ ಪ್ರಶ್ನೆಗೆ ಮಾತ್ರ ಬ್ರ್ಯಾಕೆಟ್ಟಿನೊಳಗೆ ಎರಡು ಸಾಲು. ನನಗೆ ಸಿಟ್ಟು ಬಂದದ್ದು ಆ ಬ್ರ್ಯಾಕೆಟ್ ನೋಡಿ.

ಬರೆದವರು ದಾವಣಗೆರೆ ಕಡೆಯವರು. ಊರಲ್ಲಿ ಇಂಡಸ್ಟ್ರಿಯಲ್ ಅಂಡ್ ಪ್ರೊಡಕ್ಷನ್ ಬಿಇ, ಅಮೆರಿಕದಲ್ಲಿ ಎಂಎಸ್. ಐದು ವರ್ಷದಿಂದ ಇಲಿನಾಯ್ ರಾಜ್ಯದ ಪ್ಯಾಕಿಂಗ್ ಕಾರ್ಖಾನೆಯೊಂದರಲ್ಲಿ ಇಂಡಸ್ಟ್ರಿಯಲ್ ಇಂಜಿನಿಯರ್. ಎಚ್-1ಬಿ ವೀಸಾ, ವರ್ಷಕ್ಕೆ 78,500 ಡಾಲರ್ ಸಂಬಳ. ಅಕ್ಕನ ಗಂಡ ಟೆಕ್ಸಾಸ್‌ನಲ್ಲಿ ಸಿವಿಲ್ ಇಂಜಿನಿಯರ್, ಪಿಇ (ಪ್ರೊಫೆಷನಲ್ ಇಂಜಿನಿಯರ್) ಲೈಸೆನ್ಸ್, ಅಂದರೆ ನಕ್ಷೆಗೆ ಸಹಿ ಹಾಕಿ ಸೀಲು ಒತ್ತುವ ಅಧಿಕಾರ ಇದ್ದವರು. ಹಬ್ಬಕ್ಕೆ ಸೇರಿದಾಗಲೆಲ್ಲ ಅವರದು ಒಂದೇ ಪಾಠ: “ಸೀಲ್ ಇಲ್ದೋನು ಇಂಜಿನಿಯರ್ರೇ ಅಲ್ಲ ಕಣೋ. ಮೊದ್ಲು ಪಿಇ ಮಾಡ್ಕೋ, ಸಂಬಳ ತಾನಾಗೇ ಬರುತ್ತೆ.” ಇದನ್ನು ನಂಬಿ ನಮ್ಮ ಓದುಗರು ಎರಡು ವರ್ಷದಿಂದ ಸಂಬಳ ಹೆಚ್ಚಿಸಿ ಅಂತ ಬಾಯಿ ಬಿಟ್ಟಿಲ್ಲ. ಪರೀಕ್ಷೆಗೂ ಕೂತಿಲ್ಲ. “ನಾನು ದಡ್ಡನಾ?” ಎಂದು ಕೇಳಿದ್ದಾರೆ.

ಬ್ರ್ಯಾಕೆಟ್ಟಿನೊಳಗೆ ಇದ್ದದ್ದು ಇಷ್ಟು: ಅವರ ಪ್ಯಾಕಿಂಗ್ ಲೈನಿಗೇ ಹೊಸಬರನ್ನು ತೆಗೆದುಕೊಳ್ಳುವ ಜಾಹೀರಾತಿನಲ್ಲಿ 84,000ದಿಂದ 96,000 ಡಾಲರ್ ಅಂತ ಇತ್ತು. ಓದು ಮುಗಿಸಿ ಬಂದ ಹುಡುಗ ಸೇರಿದ್ದೂ ಆಯಿತು, ಅವನಿಗೆ ಕೆಲಸ ಕಲಿಸುತ್ತಿರುವವರು ಇವರೇ. “ನಿಮಗ್ಯಾಕೆ ಕಮ್ಮಿ ಅಂತ ನನ್ನ ಹೆಂಡತಿ ಕೇಳ್ತಾಳೆ, ಅವಳಿಗೆ ನಮ್ಮ ಫೀಲ್ಡ್ ಗೊತ್ತಿಲ್ಲ.”

ಸ್ವಾಮಿ, ನಿಮ್ಮ ಮನೆಯಲ್ಲಿ ಈ ವಿಷಯ ಸರಿಯಾಗಿ ಓದಿಕೊಂಡವರು ಅವರೊಬ್ಬರೇ. ಪರಿಹಾರ ಪರೀಕ್ಷೆಯಲ್ಲಿಲ್ಲ, ಆ ಜಾಹೀರಾತಿನಲ್ಲಿದೆ.

ಮೊದಲು ಭಾವನ ಮಾತು. ಅವರ ಮಟ್ಟಿಗೆ ಅವರು ಹೇಳಿದ್ದು ಸರಿ. ಸೇತುವೆಯ ನಕ್ಷೆಗೆ ಪಿಇ ಸಹಿ, ಸೀಲು ಬೀಳದೆ ಕೆಲಸ ಮುಂದೆ ಹೋಗುವುದಿಲ್ಲ, ಹಾಗಾಗಿ ಸಿವಿಲ್‌ನವರಿಗೆ ಸೀಲೇ ಅನ್ನ. ನಿಮ್ಮ ಲೈನ್ ಲೇಔಟಿಗೆ, ಕೆಲಸಕ್ಕೆ ಹಿಡಿಯುವ ವೇಳೆ ಅಳೆಯುವ ಟೈಮ್ ಸ್ಟಡಿಗೆ ಯಾರೂ ಸೀಲು ಕೇಳುವುದಿಲ್ಲ. ಕಾರ್ಖಾನೆಯ ಒಳಗೆ ತನ್ನ ಕಂಪನಿಗಾಗಿಯೇ ದುಡಿಯುವ ಇಂಜಿನಿಯರಿಗೆ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿದೆ. ಬೇರೊಬ್ಬರ ವೃತ್ತಿಯ ಅಳತೆಗೋಲು ತಂದು ಬಾಮೈದನ ಬೆನ್ನಿಗೆ ಹಿಡಿದದ್ದು ಭಾವನ ತಪ್ಪು. ಒಂದು ಸಲವೂ “ನಿನ್ನ ಕೆಲಸ ಏನು?” ಅಂತ ಕೇಳದೆ ಸಲಹೆ ಕೊಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು.

ಹಾಗಂತ ಲೈಸೆನ್ಸ್ ಕೆಲಸಕ್ಕೆ ಬಾರದ್ದೇನಲ್ಲ. ಸ್ವಂತ ಕನ್ಸಲ್ಟಿಂಗ್ ಕಂಪನಿ ತೆರೆಯುವವರಿಗೆ, ಅಪಘಾತದ ಮೊಕದ್ದಮೆಗಳಲ್ಲಿ ತಜ್ಞಸಾಕ್ಷಿ ಹೇಳುವವರಿಗೆ, ಕೆಲವು ಸರ್ಕಾರಿ ಹುದ್ದೆ ಹಿಡಿಯುವವರಿಗೆ ಹೆಚ್ಚಾಗಿ ಬೇಕಾಗುತ್ತದೆ. ಅದರ ದಾರಿ ಎಷ್ಟು ಉದ್ದ ಅಂತ ನೋಡಿ. ಮೊದಲು ಎಫ್‌ಇ, ಅಂದರೆ ಇಂಜಿನಿಯರಿಂಗ್ ಮೂಲಪಾಠಗಳ ಪರೀಕ್ಷೆ: 110 ಪ್ರಶ್ನೆ, 5 ಗಂಟೆ 20 ನಿಮಿಷ, ವರ್ಷವಿಡೀ ಬರೆಯಬಹುದು, ಶುಲ್ಕ ಸುಮಾರು 225 ಡಾಲರ್. ಸೂತ್ರಗಳ ಕೈಪಿಡಿ ಪರದೆಯ ಮೇಲೇ ಸಿಗುತ್ತದೆ. ಕ್ಯಾಲ್ಕುಲೇಟರ್ ಮಾತ್ರ ಅವರು ಹೇಳಿದ್ದೇ ಆಗಬೇಕು. ಊರಲ್ಲಿ ಬಿಇ ಓದುವಾಗ ಎಲ್ಲರ ಬ್ಯಾಗಿನಲ್ಲೂ ಇದ್ದ ಕ್ಯಾಸಿಯೊ ಎಫ್‌ಎಕ್ಸ್-991 ಆ ಪಟ್ಟಿಯಲ್ಲಿದೆ.

ಆಮೇಲೆ ಸಾಮಾನ್ಯವಾಗಿ ನಾಲ್ಕು ವರ್ಷದ ಅನುಭವ. ಎಂಎಸ್ ಇದ್ದರೆ ಕೆಲವು ರಾಜ್ಯಗಳಲ್ಲಿ ಒಂದು ವರ್ಷ ಕಳೆಯುತ್ತಾರೆ. ಆ ಅನುಭವ ನಿಜವಾದ ಇಂಜಿನಿಯರಿಂಗ್ ಕೆಲಸ ಎಂದು ಪಿಇ ಇದ್ದವರೇ ದೃಢೀಕರಿಸಬೇಕೆಂದು ಲೈಸೆನ್ಸ್ ಕೊಡುವ ಹೆಚ್ಚಿನ ರಾಜ್ಯ ಬೋರ್ಡುಗಳು ಕೇಳುತ್ತವೆ. ನಿಮ್ಮ ಕಾರ್ಖಾನೆಯಲ್ಲಿ ಅಂಥವರು ಒಬ್ಬರೂ ಇಲ್ಲ ಎಂದು ನೀವೇ ಬರೆದಿದ್ದೀರಿ. ಇನ್ನು ಇಂಡಸ್ಟ್ರಿಯಲ್ ಅಂಡ್ ಸಿಸ್ಟಮ್ಸ್ ಪಿಇ ಪರೀಕ್ಷೆ ನಡೆಯುವುದೇ ವರ್ಷಕ್ಕೊಂದು ದಿನ, ಅಕ್ಟೋಬರಿನಲ್ಲಿ. ಶುಲ್ಕ ಸುಮಾರು 400 ಡಾಲರ್. ಆ ದಿನ ಜ್ವರ ಬಂದರೆ ಇನ್ನೊಂದು ವರ್ಷ ಕಾಯಬೇಕು.

ನಮ್ಮವರು ಹೆಚ್ಚಾಗಿ ಎಡವುವುದು ಪದವಿಯ ಲೆಕ್ಕದಲ್ಲಿ. “ಎಂಎಸ್ ಇಲ್ಲೇ ಮಾಡಿದ್ದೇನಲ್ಲ” ಎಂದರೆ ಸಾಲದು. ಅಮೆರಿಕದ ಹೆಚ್ಚಿನ ಎಂಎಸ್ ಕೋರ್ಸುಗಳಿಗೆ ಎಬೆಟ್ (ಅಲ್ಲಿ ಇಂಜಿನಿಯರಿಂಗ್ ಕೋರ್ಸುಗಳನ್ನು ಪರಿಶೀಲಿಸುವ ಸಂಸ್ಥೆ) ಮಾನ್ಯತೆ ಇರುವುದಿಲ್ಲ, ಬೋರ್ಡು ನೋಡುವುದು ಬಿಇಯನ್ನು. ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯ ಆಯಿತು, ನಿಜ. ಆದರೆ ಅದು ನಮ್ಮ ದೇಶದ ಮಾನ್ಯತಾ ಮಂಡಳಿ ಎನ್‌ಬಿಎಯಿಂದ ಟಿಯರ್-1 ಮಾನ್ಯತೆ ಪಡೆದ ಕೋರ್ಸಿಗಷ್ಟೇ. ಉಳಿದವರು ಪದವಿಯ ಮೌಲ್ಯಮಾಪನ ಮಾಡಿಸಬೇಕು. ಗಣಿತ ಮತ್ತು ಮೂಲವಿಜ್ಞಾನ ಸೇರಿ 32 ಕ್ರೆಡಿಟ್, ಇಂಜಿನಿಯರಿಂಗ್ ವಿಷಯಗಳಲ್ಲಿ 48 ಕ್ರೆಡಿಟ್ ಇದೆಯೇ ಎಂದು ಎಣಿಸುತ್ತಾರೆ. ವಿಟಿಯು ಪದವಿಯಾದರೆ ಟ್ರಾನ್ಸ್‌ಕ್ರಿಪ್ಟ್ ಬೆಳಗಾವಿಯಿಂದ ನೇರವಾಗಿ ಹೋಗಬೇಕು, ನಿಮ್ಮ ಕೈಯಲ್ಲಿರುವ ಅಂಕಪಟ್ಟಿಯ ಜೆರಾಕ್ಸ್ ನಡೆಯುವುದಿಲ್ಲ. ಜೊತೆಗೆ ನೀವು ಓದಿದ ಸ್ಕೀಮಿನ ಸಿಲಬಸ್ ಹುಡುಕಿಟ್ಟುಕೊಳ್ಳಿ.

ಇದಿಷ್ಟು ಮುಗಿಯಲು ಎರಡು ವರ್ಷವಾದರೂ ಬೇಕು. ಮುಗಿದ ಮೇಲೂ ನಿಮ್ಮ ಮ್ಯಾನೇಜರಿಗೆ ಅದರಿಂದ ಏನಾಗಬೇಕಾಗಿದೆ?

ಈಗ ದುಡ್ಡಿನ ವಿಷಯ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2024ರ ಮೇ ಲೆಕ್ಕದಲ್ಲಿ ಇಂಡಸ್ಟ್ರಿಯಲ್ ಇಂಜಿನಿಯರುಗಳ ಮಧ್ಯಮ ಸಂಬಳ 1,01,140 ಡಾಲರ್. ಅರ್ಧ ಜನ ಇದಕ್ಕಿಂತ ಮೇಲೆ, ಅರ್ಧ ಜನ ಕೆಳಗೆ. ಇದು ಲೈಸೆನ್ಸ್ ಇದ್ದವರ ಲೆಕ್ಕವಲ್ಲ, ಆ ಹುದ್ದೆಯಲ್ಲಿರುವ ಎಲ್ಲರದು. ಜಾಹೀರಾತಿನಲ್ಲಿ ಸಂಬಳ ಕಂಡಿತಲ್ಲ, ಇಲಿನಾಯ್‌ನಲ್ಲಿ 2025ರ ಜನವರಿ 1ರಿಂದ 15 ಮತ್ತು ಹೆಚ್ಚು ನೌಕರರಿರುವ ಕಂಪನಿಗಳು ಅದನ್ನು ಹಾಕಲೇಬೇಕು. ಇನ್ನೊಂದು ನಿಯಮ ನಿಮ್ಮ ಪರವಾಗಿಯೇ ಇದೆ: ಎಚ್-1ಬಿಯವರಿಗೆ ಕಂಪನಿ ಕೊಡಬೇಕಾದ್ದು ಆ ಪ್ರದೇಶದ ಚಾಲ್ತಿ ಸಂಬಳ, ಇಲ್ಲವೇ ಅದೇ ಕೆಲಸಕ್ಕೆ ಅಷ್ಟೇ ಅನುಭವ, ಓದು ಇರುವ ಇತರರಿಗೆ ತಾನು ಕೊಡುವ ಸಂಬಳ, ಎರಡರಲ್ಲಿ ಯಾವುದು ಹೆಚ್ಚೋ ಅದು. ಈ ಲೆಕ್ಕದ ಕಡತವನ್ನು ಕೇಳಿದವರಿಗೆ ತೋರಿಸಬೇಕೆಂಬ ಕಟ್ಟಳೆಯೂ ಇದೆ. ಮೊದಲ ದಿನವೇ ಕಾನೂನು ಎತ್ತಬೇಡಿ, ತಲೆಯಲ್ಲಿಟ್ಟುಕೊಳ್ಳಿ. ವೀಸಾದ ಭಯವೂ ಬೇಡ, ಬರೀ ಸಂಬಳ ಹೆಚ್ಚಾದರೆ ಅರ್ಜಿ ಮತ್ತೆ ಹಾಕಬೇಕಾಗಿಲ್ಲ.

ನೀವು ಮಾಡಿದ ಕೆಲಸದ ಬಗ್ಗೆ ಪತ್ರದಲ್ಲಿ ನಾಲ್ಕೇ ಸಾಲು ಬರೆದಿದ್ದೀರಿ. ಡಬ್ಬಿಯ ಸೈಜು ಬದಲಿಸುವಾಗ ಬಿಚ್ಚಬೇಕಿದ್ದ ಹನ್ನೆರಡು ಬೋಲ್ಟುಗಳ ಜಾಗಕ್ಕೆ ಕ್ಲಾಂಪ್ ಹಾಕಿಸಿದಿರಿ. ಮುಂದಿನ ಸೈಜಿನ ಪ್ಲೇಟುಗಳನ್ನು ಲೈನ್ ಓಡುತ್ತಿರುವಾಗಲೇ ಟ್ರಾಲಿಯಲ್ಲಿ ತಂದಿಡುವ ವ್ಯವಸ್ಥೆ ಮಾಡಿದಿರಿ. ಬದಲಾವಣೆಗೆ ಹಿಡಿಯುತ್ತಿದ್ದ 48 ನಿಮಿಷ 22ಕ್ಕೆ ಇಳಿಯಿತು. ದಿನಕ್ಕೆ ನಾಲ್ಕು ಬದಲಾವಣೆ, ವರ್ಷಕ್ಕೆ 250 ದಿನ ಅಂದರೆ ಉಳಿದದ್ದು 26,000 ನಿಮಿಷ, ಸುಮಾರು 433 ಗಂಟೆ. ಲೈನಿನಲ್ಲಿ ನಾಲ್ಕು ಜನ. ಒಬ್ಬರಿಗೆ ತಾಸಿಗೆ 30 ಡಾಲರ್ ಹಿಡಿದರೂ 52,000 ಡಾಲರ್ ಆಯಿತು. ಇಷ್ಟು ಉಳಿಸಿಕೊಟ್ಟವರು ಸೀಲಿಗಾಗಿ ಕಾದು ಕೂತಿದ್ದೀರಿ!

ಒಂದು ಎಚ್ಚರ. “ಇಷ್ಟು ತಾಸು ಉಳಿಯಿತು” ಎಂದರೆ ಫೈನಾನ್ಸ್‌ನವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಆ ನಾಲ್ವರಿಗೆ ಸಂಬಳ ಮೊದಲಿನಷ್ಟೇ ಹೋಗುತ್ತಿದ್ದರೆ ಉಳಿದದ್ದೇನು ಎಂಬುದು ಅವರ ಪ್ರಶ್ನೆ, ಪ್ರಶ್ನೆ ನ್ಯಾಯವಾದದ್ದೇ. ಉಳಿದ ವೇಳೆಯಲ್ಲಿ ಹೆಚ್ಚು ಡಬ್ಬಿ ಹೊರಗೆ ಹೋಯಿತೋ, ಶನಿವಾರದ ಓವರ್‌ಟೈಮ್ ನಿಂತಿತೋ, ಅದನ್ನು ತೋರಿಸಬೇಕು. ಕ್ಲಾಂಪ್ ಹಾಕುವ ಮೊದಲಿನ ಮೂರು ತಿಂಗಳ ಓವರ್‌ಟೈಮ್ ಪಟ್ಟಿ, ಆಮೇಲಿನ ಮೂರು ತಿಂಗಳದ್ದು, ಎರಡನ್ನೂ ತರಿಸಿ ಪಕ್ಕಪಕ್ಕ ಇಡಿ. ಅಂಕಿ 52,000ದಿಂದ 30,000ಕ್ಕೆ ಇಳಿದರೆ ಇಳಿಯಲಿ, ಒಪ್ಪಿಕೊಂಡ ಅಂಕಿಯೇ ಕೆಲಸಕ್ಕೆ ಬರುವುದು.

ಎಫ್‌ಇ ಬೇಕಿದ್ದರೆ ಚಳಿಗಾಲದಲ್ಲಿ ಬರೆಯಿರಿ, ಪಿಇ ಮಾತು ಕಂಪನಿ ತೆರೆಯುವ ಆಸೆ ಹುಟ್ಟಿದ ದಿನ. ಈಗ ಮಾಡಬೇಕಾದ್ದು ಒಂದೇ. ಇಂದಿನಿಂದ ಹದಿನೈದು ದಿನದೊಳಗೆ ಮ್ಯಾನೇಜರ ಬಳಿ ಅರ್ಧ ಗಂಟೆ ಸಮಯ ಕೇಳಿ, ಒಂದೇ ಹಾಳೆ ಹಿಡಿದು ಹೋಗಿ. ಮೇಲೆ ಆ ಜಾಹೀರಾತಿನ ಅಂಕಿ, ನಡುವೆ ಓವರ್‌ಟೈಮ್ ಲೆಕ್ಕ, ಕೆಳಗೆ ನೀವು ಕೇಳುವ ಮೊತ್ತ: 96,000. ಮೊತ್ತ ಹೇಳಿದ ಮೇಲೆ ಅವರು ಮಾತಾಡುವವರೆಗೆ ನೀವು ಮಾತಾಡಬೇಡಿ. 90,000ಕ್ಕಿಂತ ಕೆಳಗೆ ಒಪ್ಪಿಕೊಂಡು ಎದ್ದು ಬರಬೇಡಿ. ಹಿಂದಿನ ರಾತ್ರಿ ಆ ಹಾಳೆಯನ್ನು ಹೆಂಡತಿಗೆ ಓದಿ ಹೇಳಿ. ಅವರಿಗೆ ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಮ್ಯಾನೇಜರಿಗೂ ಆಗುವುದಿಲ್ಲ, ಅಲ್ಲಿ ತಿದ್ದಿ ಬರೆಯಿರಿ.